ಅಂಡಾಶಯದ ಕ್ಯಾನ್ಸರ್: ರಕ್ತದ ಅಂಕೆ ಹೇಳುವುದೆಷ್ಟು?

ಪೂಜೆ, ಅಡುಗೆ, ಮಕ್ಕಳ ಶಾಲೆ, ಅತಿಥಿಗಳ ಸತ್ಕಾರ ಎಲ್ಲವೂ ಮುಗಿದ ಮೇಲೆಯೇ ನಮ್ಮ ಗೃಹಿಣಿಯರಿಗೆ ತಮ್ಮ ದೇಹದ ನೆನಪಾಗುವುದು. ಹೊಟ್ಟೆ ಉಬ್ಬರಿಸಿದರೆ ವಾಯುವೆಂದು ಓಮಿನ ಕಷಾಯ ಕುಡಿದು ಸುಮ್ಮನಾಗುತ್ತಾರೆ. ಅಂಡಾಶಯದ ಕ್ಯಾನ್ಸರ್ ಇಂಥ ಮೌನದಲ್ಲಿಯೇ ಬೆಳೆಯುವ ರೋಗ. ಇದರ ಬಗೆಗೆ ಪ್ರತಿ ಕುಟುಂಬವೂ ಕೆಲವು ಸಂಗತಿಗಳನ್ನು ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಗರ್ಭಕೋಶದ ಎರಡು ಬದಿಗಳಲ್ಲಿರುವ ಪುಟ್ಟ ಗ್ರಂಥಿಗಳೇ ಅಂಡಾಶಯಗಳು. ಅಲ್ಲಿಯ ಕ್ಯಾನ್ಸರ್ ಬೀಜ ಚೆಲ್ಲಿದಂತೆ ಉದರದ ಒಳಪೊರೆಯ ಮೇಲೆ ಹರಡಬಹುದು. ದುಗ್ಧನಾಳಗಳ ಮೂಲಕ ಕಿಬ್ಬೊಟ್ಟೆಯ ಹಾಗೂ ಮಹಾಧಮನಿಯ ಬದಿಯ ದುಗ್ಧಗ್ರಂಥಿಗಳನ್ನೂ ಸೇರಬಹುದು. ಸೋಂಕಿಗೆ ಕಾವಲಾಗಿರುವ ಈ ಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶಗಳು ಕಂಡುಬಂದರೆ ರೋಗವು ಕನಿಷ್ಠ ಮೂರನೆಯ ಹಂತಕ್ಕೆ ಬಂದಿದೆಯೆಂದು ವೈದ್ಯರು ಎಣಿಸುತ್ತಾರೆ.

1981ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಬ್ಯಾಸ್ಟ್ ಮತ್ತು ಅವರ ಸಂಗಡಿಗರು ಈ ಕ್ಯಾನ್ಸರನ್ನು ಗುರುತಿಸುವ ಪ್ರತಿಕಾಯವೊಂದನ್ನು ಪ್ರಕಟಪಡಿಸಿದರು. ಅದು ಪತ್ತೆಹಚ್ಚುವ ಪ್ರೋಟೀನೇ ಸಿ.ಎ.-125. ರಕ್ತದ ಪ್ರತಿ ಮಿಲಿಲೀಟರಿಗೆ 35 ಯೂನಿಟ್ ಮೀರಿದರೆ ಸಾಮಾನ್ಯವಾಗಿ ಅಧಿಕವೆನ್ನುವರು. ಚಿಕಿತ್ಸೆ ಫಲಿಸುತ್ತಿದೆಯೇ, ರೋಗ ಮರಳಿತೇ ಎಂದು ಅರಿಯಲು ಇದು ಬಹಳ ಉಪಯುಕ್ತ. ಎಚ್.ಇ.-4 ಎಂಬ ಮತ್ತೊಂದು ಪ್ರೋಟೀನನ್ನೂ ಈಗ ಪರೀಕ್ಷಿಸುತ್ತಾರೆ.

ಆದರೆ ಈ ಅಂಕೆಯೇ ತೀರ್ಪಲ್ಲ. ಮುಟ್ಟು, ಬಸಿರು, ಗರ್ಭಕೋಶದ ಗಡ್ಡೆ, ಉದರದ ಕ್ಷಯ ಇವುಗಳಲ್ಲಿಯೂ ಸಿ.ಎ.-125 ಏರಬಹುದು. ಮೊದಲ ಹಂತದ ಕ್ಯಾನ್ಸರಿನಲ್ಲಿಯಾದರೋ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಮಾತ್ರ ಏರುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಮಹಿಳೆಯರ ಮೇಲೆ ನಡೆದ ಅಧ್ಯಯನದ 2021ರ ವರದಿಯಂತೆ, ರೋಗಲಕ್ಷಣವಿಲ್ಲದವರನ್ನು ವರ್ಷವರ್ಷವೂ ಪರೀಕ್ಷಿಸಿದ್ದರಿಂದ ಈ ಕ್ಯಾನ್ಸರಿನ ಸಾವು ತಗ್ಗಲಿಲ್ಲ.

ದುಗ್ಧಗ್ರಂಥಿಗೆ ರೋಗ ಮುಟ್ಟಿದೆಯೇ ಎಂಬುದನ್ನೂ ಅಂಕೆಯೊಂದೇ ಖಚಿತಪಡಿಸದು. ಸ್ಕ್ಯಾನಿಂಗ್ ನೆರವಾಗುತ್ತದೆ; ನಿಶ್ಚಯವಾಗುವುದು ಸೂಕ್ಷ್ಮದರ್ಶಕದಡಿಯಲ್ಲಿ. ಮುಂದುವರಿದ ಕ್ಯಾನ್ಸರಿನ 647 ಮಹಿಳೆಯರನ್ನು ಒಳಗೊಂಡ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೋಟಕ್ಕೆ ಸಹಜವಾಗಿದ್ದ ಗ್ರಂಥಿಗಳನ್ನು ಕೆಲವರಿಂದ ತೆಗೆಯಲಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಗ್ರಂಥಿಗಳಲ್ಲಿ ರೋಗ ಅಡಗಿತ್ತು. ಆದರೂ ತೆಗೆದದ್ದರಿಂದ ಆಯುಷ್ಯ ಹೆಚ್ಚಲಿಲ್ಲ, ತೊಡಕುಗಳು ಹೆಚ್ಚಿದವು. ಆದ್ದರಿಂದ 'ಎಲ್ಲವನ್ನೂ ತೆಗೆದುಬಿಡಿ' ಎಂದು ಮನೆಯವರು ವೈದ್ಯರನ್ನು ಒತ್ತಾಯಿಸುವುದು ಸಲ್ಲದು.

ಹಾಗಾದರೆ ಮಾಡಬೇಕಾದುದೇನು? ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆಯ ನೋವು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಇವು ಹೊಸದಾಗಿ ತೋರಿ ಎರಡು-ಮೂರು ವಾರವಾದರೂ ಬಿಡದಿದ್ದರೆ ಸ್ತ್ರೀರೋಗತಜ್ಞರನ್ನು ಕಾಣಬೇಕು. ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ, ಸೋದರತ್ತೆ ಇವರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನು ಮುಚ್ಚಿಡದೆ ತಿಳಿಸಬೇಕು. ಮಗಳ ಮದುವೆಗೆ ಅಡ್ಡಿಯಾದೀತೆಂದು ಬಚ್ಚಿಟ್ಟ ಸಂಗತಿ ಆ ಮಗಳ ಜೀವಕ್ಕೇ ಎರವಾದೀತು.

ಕಾಯವಿಲ್ಲದೆ ಕಾಯಕವಿಲ್ಲ. ಶರಣರ ಹಾದಿಯಲ್ಲಿ ನಡೆಯುವ ನಾವು ಮನೆಯ ತಾಯಂದಿರ ದೇಹಸ್ಥಿತಿಯನ್ನು ವಿಚಾರಿಸುವುದನ್ನೂ ನಿತ್ಯದ ಕರ್ತವ್ಯವಾಗಿಸಿಕೊಳ್ಳೋಣ.