ಹಳೆಯ ಕಾರಿಗೆ ಹೊಸ ವೇಷ

ಉಡುಪಿ, ಕಾಪು, ಕಾರ್ಕಳ ಪರಿಸರದ ಕೆಲವು ಮನೆಗಳ ಹಿತ್ತಿಲಲ್ಲಿ ಇಂದಿಗೂ ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರೊಂದು ತೆಂಗಿನ ಮಡಲಿನ ಮರೆಯಲ್ಲಿ ನಿಂತಿರುವುದುಂಟು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ನಮ್ಮ ಹಿರಿಯರು ಮುಂಬಯಿಯಲ್ಲಿ ಕಂಡು ಮೆಚ್ಚಿದ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ಆ ನಗರದ ಬೀದಿಗಳಿಗೆ ವಿದಾಯ ಹೇಳಿತು. ಗುಜರಿಗೆ ಕೊಡಲು ಮನಸ್ಸಿಲ್ಲ, ಓಡಿಸಲು ಶಕ್ತಿಯಿಲ್ಲ. ಇಂಥ ಕಾರಿಗೆ ಹೊಸ ರೂಪ ಕೊಡುವ ಉತ್ಸಾಹ ಮನೆಯ ಯುವಕರಲ್ಲಿ ಮೂಡಿದರೆ ಅದು ಸಹಜವೇ.

ಈ ಉತ್ಸಾಹ ಎಷ್ಟು ದೂರ ಸಾಗಬಹುದೆಂಬುದಕ್ಕೆ ಹೈದರಾಬಾದಿನ ಕೆ. ಸುಧಾಕರ್ ಯಾದವ್ ಅವರೇ ಸಾಕ್ಷಿ. ಗುಜರಿ ವಸ್ತುಗಳಿಂದ ಅವರು ಶೂ, ಕ್ರಿಕೆಟ್ ಚೆಂಡು, ಬರ್ಗರ್ ಮುಂತಾದ ಆಕಾರಗಳ ಕಾರುಗಳನ್ನು ರಚಿಸಿ, ಚಲಿಸುವಂತೆಯೂ ಮಾಡಿದ್ದಾರೆ. 2005ರಲ್ಲಿ ಅವರು ನಿರ್ಮಿಸಿದ 41 ಅಡಿ 7 ಅಂಗುಲ ಎತ್ತರದ ತ್ರಿಚಕ್ರ ಸೈಕಲ್ ಗಿನ್ನೆಸ್ ದಾಖಲೆಗೆ ಸೇರಿತು. ಅವರ ಸುಧಾ ಕಾರ್ಸ್ ಮ್ಯೂಸಿಯಂ 2010ರಲ್ಲಿ ತೆರೆಯಿತು.

ನಮ್ಮ ರಾಜ್ಯದಲ್ಲಿಯೂ ಇಂತಹ ಛಲಗಾರರಿಗೆ ಕೊರತೆಯಿಲ್ಲ. ಹಣ್ಣು ಮಾರುತ್ತ ಬದುಕು ಆರಂಭಿಸಿ, ಅನಂತರ ಎಲೆಕ್ಟ್ರಾನಿಕ್ಸ್ ದುರಸ್ತಿ ಅಂಗಡಿ ತೆರೆದ ಸೈಯದ್ ಸಜ್ಜನ್ ಅಹ್ಮದ್ ಅವರು ತಾವೇ ರೂಪಿಸಿದ ಸೌರಶಕ್ತಿಯ ಕಾರಿನಲ್ಲಿ 2015ರಲ್ಲಿ ಬೆಂಗಳೂರಿನಿಂದ ದಿಲ್ಲಿಗೆ ಸುಮಾರು 3,000 ಕಿಲೋಮೀಟರ್ ಕ್ರಮಿಸಿದರು. ಆಗ ಅವರಿಗೆ 63 ವರ್ಷ. ಮಣಿಪಾಲದ ತಾಂತ್ರಿಕ ವಿದ್ಯಾರ್ಥಿಗಳೂ ಸೌರ ಕಾರು ಹಾಗೂ ರೇಸ್ ಕಾರುಗಳನ್ನು ತಾವೇ ಕಟ್ಟಿದ್ದಾರೆ.

ಆದರೆ ಉತ್ಸಾಹದೊಂದಿಗೆ ವಿವೇಕವೂ ಬೇಕು. ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ಜೀಪಿನಂತೆ ಪ್ರತ್ಯೇಕ ಚಾಸಿಯಿಲ್ಲ. ಇಡೀ ಬಾಡಿಯೇ ಭಾರವನ್ನು ಹೊರುತ್ತದೆ. ಮೆರವಣಿಗೆಯ ಸ್ತಬ್ಧಚಿತ್ರಕ್ಕೆಂದು ಮಾಡನ್ನು ಕತ್ತರಿಸಿದರೆ ಮಧ್ಯಭಾಗ ಜಗ್ಗುತ್ತದೆ, ಬಾಗಿಲುಗಳು ಕೂಡಿಕೊಳ್ಳುವುದಿಲ್ಲ. ಕಡಲ ತೀರದ ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲದಿಂದ ನೆಲದ ತಗಡು ಒಳಗೊಳಗೇ ತುಕ್ಕು ಹಿಡಿದಿದ್ದರಂತೂ ಅಪಾಯ ಇಮ್ಮಡಿ. ವೆಲ್ಡಿಂಗ್ ಮಾಡುವ ಮುನ್ನ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರವಿಡಬೇಕು. ಟ್ಯಾಂಕ್ ಖಾಲಿಯಾಗಿದೆಯೆಂದು ನಿಶ್ಚಿಂತರಾಗಬಾರದು. ಅದರೊಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ನಿಯಮ ಮೀರಿದ ಪ್ರತಿಯೊಂದು ಮಾರ್ಪಾಡಿಗೂ ಮಾಲಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಬರಬಹುದು. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿಯಿದ್ದು, ಅನಂತರ ಪರೀಕ್ಷೆಗೊಳಪಡಿಸಿ ನವೀಕರಿಸಬೇಕು. ವಾಹನ ಶಾಶ್ವತವಾಗಿ ನಿರುಪಯುಕ್ತವಾದರೆ 14 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ವರದಿ ಮಾಡಬೇಕು.

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೆ? ಅಗತ್ಯವಿಲ್ಲ. ನೋಂದಣಿ ರದ್ದುಗೊಳಿಸಿದ ಕಾರನ್ನು ರಸ್ತೆಗಿಳಿಸದೆಯೇ ಅಂಗಳದ ಶೋಭೆಯಾಗಿಸಬಹುದು. ಹಿಂಭಾಗವನ್ನು ಚಾವಡಿಯ ಸೋಫಾ ಮಾಡಬಹುದು, ಬಾನೆಟ್ಟನ್ನು ಹೂಕುಂಡಗಳ ಆಸರೆಯಾಗಿಸಬಹುದು, ಕ್ರಿಸ್ಮಸ್ ಕಾಲದಲ್ಲಿ ಅದರ ಮೇಲೆಯೇ ಗೋದಲಿ ಕಟ್ಟಬಹುದು. ಮೆರವಣಿಗೆಗೆ ಸ್ತಬ್ಧಚಿತ್ರ ಬೇಕಿದ್ದರೆ, ಸುಸ್ಥಿತಿಯ ಲಾರಿಯ ಮೇಲೆ ಮರ, ಬಟ್ಟೆ, ರಟ್ಟುಗಳಿಂದ ಕಾರಿನ ಆಕೃತಿ ರಚಿಸಿ, ಹಬ್ಬ ಮುಗಿದೊಡನೆ ಬಿಚ್ಚಿಡುವುದು ಸುರಕ್ಷಿತ ಮಾರ್ಗ. ಅದನ್ನೇರಿ ಕೈಬೀಸುವವರು ನಮ್ಮ ಮಕ್ಕಳೇ ಅಲ್ಲವೆ? ಅವರ ಆಸನ ಭದ್ರವಾಗಿರಲಿ, ಬ್ರೇಕ್ ಸರಿಯಾಗಿರಲಿ, ಚಾಲಕರ ಕಣ್ಣಿಗೆ ಅಲಂಕಾರ ಅಡ್ಡಬಾರದಿರಲಿ.

ಯುವಜನರು ಕೈಗೆ ಗ್ರೀಸು ಮೆತ್ತಿಕೊಂಡು ಕೆಲಸ ಕಲಿಯುವುದು ಹೆತ್ತವರಿಗೆ ಹೆಮ್ಮೆಯ ವಿಷಯ. ಊರಿನ ಗ್ಯಾರೇಜಿನ ಅನುಭವಿ ಮೇಸ್ತ್ರಿಯೊಬ್ಬರನ್ನು ಜತೆಗಿರಿಸಿಕೊಂಡರೆ ಆ ವಿದ್ಯೆ ಮುಂದಿನ ತಲೆಮಾರಿಗೂ ದಾಟುತ್ತದೆ. ಹಿರಿಯರು ಬೆವರು ಸುರಿಸಿ ಕೊಂಡ ವಾಹನಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇರೇನಿದೆ?