ನಟನಶಿಕ್ಷಣವೂ ಸತ್ಯವೂ

ಶಾಲೆಯ ವಾರ್ಷಿಕೋತ್ಸವವು ಸಮೀಪಿಸಿತೆಂದರೆ ನಾಟಕದ ಸಿದ್ಧತೆಯೂ ಮೊದಲಾಗುವುದು. ಆಗ ಕೆಲವು ಮಾತಾಪಿತೃಗಳ ಮನಸ್ಸಿನಲ್ಲಿ ಒಂದು ಸಂದೇಹವು ಹುಟ್ಟುವುದುಂಟು. ತಾನಲ್ಲದವಳನ್ನು ತಾನೆಂದು ತೋರಿಸುವುದನ್ನೂ ಬಾರದ ಕಣ್ಣೀರನ್ನು ಬರಿಸಿಕೊಳ್ಳುವುದನ್ನೂ ಹುಡುಗಿಯರಿಗೆ ಅಭ್ಯಾಸಮಾಡಿಸಿದರೆ ಅವರಿಗೆ ಕಪಟವನ್ನು ಕಲಿಸಿದಂತಾಗಲಿಲ್ಲವೇ ಎಂಬುದೇ ಆ ಸಂದೇಹ. ಇದು ತಳ್ಳಿಬಿಡತಕ್ಕ ಪ್ರಶ್ನೆಯಲ್ಲ. ರಂಗದ ಮೇಲೆ ನಿಂತವನು ಸತ್ಯವಂತನಾಗಿರುವುದು ಹೇಗೆಂಬುದನ್ನೇ ಬಹುಕಾಲ ವಿಚಾರಿಸಿದ ಗುರುವೊಬ್ಬನು ರಷ್ಯಾ ದೇಶದಲ್ಲಿದ್ದನು. ಕಾನ್‌ಸ್ಟಂಟಿನ್ ಸ್ತಾನಿಸ್ಲಾವ್‌ಸ್ಕಿ ಎಂಬ ಆತನ ಶಿಕ್ಷಣಕ್ರಮವನ್ನು ತಿಳಿದರೆ ನಮ್ಮ ಸಂದೇಹಕ್ಕೂ ಉತ್ತರವು ದೊರೆಯುವುದೆಂದು ನಂಬಿ ಅದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಈತನು 1863ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು. ಮನೆತನದವರು ಜರಿನೂಲಿನ ಕಾರ್ಖಾನೆಯುಳ್ಳ ಶ್ರೀಮಂತರು. 1898ರಲ್ಲಿ ನೆಮಿರೋವಿಚ್ ದಾಂಚೆಂಕೊ ಎಂಬಾತನೊಡಗೂಡಿ ಮಾಸ್ಕೋ ಕಲಾರಂಗವನ್ನು ಸ್ಥಾಪಿಸಿ, ಚೆಖೋವನ ನಾಟಕಗಳನ್ನು ಆಡಿಸಿ ಕೀರ್ತಿಯನ್ನು ಪಡೆದನು. ಆದರೆ 1906ರ ಬೇಸಗೆಯಲ್ಲಿ, ಫಿನ್ಲೆಂಡಿನಲ್ಲಿ ವಿಶ್ರಮಿಸುತ್ತಿದ್ದಾಗ, ಆತನಿಗೆ ತನ್ನ ಅಭಿನಯದಲ್ಲಿಯೇ ಅತೃಪ್ತಿಯುಂಟಾಯಿತು. ಇಬ್ಸೆನನ ನಾಟಕವೊಂದರಲ್ಲಿ ಡಾಕ್ಟರ್ ಸ್ಟಾಕ್‌ಮನ್ ಎಂಬ ಸತ್ಯಸಂಧನ ಪಾತ್ರವನ್ನು ಆತನು ಮೊದಲು ಹೃದಯಪೂರ್ವಕವಾಗಿ ಅಭಿನಯಿಸಿದ್ದನು. ಪುನಃ ಪುನಃ ಆಡಿದ ಮೇಲೆ ಕೈಕಾಲುಗಳ ಚಲನೆ ಮಾತ್ರ ಉಳಿದು, ಒಳಗಿನ ಜೀವವು ಹೊರಟುಹೋಗಿತ್ತು. ಪ್ರೇಕ್ಷಕರು ಮೆಚ್ಚಿದರೂ ತಾನು ಮೆಚ್ಚದೆ, ಆ ಜೀವವನ್ನು ಪ್ರತಿಸಾರಿಯೂ ಕರೆತರುವ ಮಾರ್ಗವೇನೆಂದು ಶೋಧಿಸತೊಡಗಿದನು.

ಆತನ ಬೋಧನೆಯ ಸಾರವು, 1936ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಆತನ ಗ್ರಂಥದ ಒಂದು ಪ್ರಸಂಗದಿಂದ ಸ್ಪಷ್ಟವಾಗುತ್ತದೆ. ಬಡ ವಿದ್ಯಾರ್ಥಿನಿಯೊಬ್ಬಳು ಶಾಲೆಯನ್ನು ಬಿಡಬೇಕಾದ ಸ್ಥಿತಿಯಲ್ಲಿರುವಾಗ ಗೆಳತಿಯು ಒಂದು ಬೆಲೆಯುಳ್ಳ ಪದಕವನ್ನು ಪರದೆಯ ಮಡಿಕೆಯಲ್ಲಿ ಚುಚ್ಚಿ ಹೋಗಿರುವಳೆಂದು ಕಲ್ಪಿಸಿಕೊಂಡು, ಅದನ್ನು ಹುಡುಕಬೇಕೆಂದು ಗುರುವು ಮರಿಯಾ ಎಂಬ ಶಿಷ್ಯೆಗೆ ಹೇಳುತ್ತಾನೆ. ಅವಳು ಓಡಾಡಿ, ತಲೆಯನ್ನು ಹಿಡಿದುಕೊಂಡು, ಮಹಾ ದುಃಖವನ್ನು ಪ್ರದರ್ಶಿಸಿ, ಸಂತೋಷದಿಂದ ಕೆಳಗಿಳಿದು ಬರುತ್ತಾಳೆ. ಪದಕವೆಲ್ಲಿ ಎಂದು ಕೇಳಿದರೆ ಅದನ್ನು ಮರೆತೇಬಿಟ್ಟಿದ್ದಳು! ಅದು ದೊರೆಯದಿದ್ದರೆ ನಿನಗೆ ಈ ಶಾಲೆಯಲ್ಲಿ ಸ್ಥಳವಿಲ್ಲವೆಂದು ಗುರುವು ಹೇಳಿದ ಕೂಡಲೇ ಅವಳು ಒಂದೊಂದು ಮಡಿಕೆಯನ್ನೂ ಎಚ್ಚರದಿಂದ ಬಿಡಿಸಿ ನೋಡತೊಡಗುತ್ತಾಳೆ. ಈಗ ಅವಳ ಮುಖದಲ್ಲಿ ಕಂಡ ಕಳವಳವನ್ನು ಯಾರೂ ಕಲಿಸಿಕೊಟ್ಟದ್ದಲ್ಲ. ಅಂದರೆ, ಭಾವವನ್ನು ಅಪ್ಪಣೆಮಾಡಿ ಕರೆಯಲಾಗದು. ಕಾರ್ಯದಲ್ಲಿ ಮನಸ್ಸಿಟ್ಟರೆ ಅದು ತಾನಾಗಿ ಹಿಂಬಾಲಿಸುವುದು.

ಇದಕ್ಕಾಗಿ ಆತನು ಕೊಟ್ಟ ಬೀಗದ ಕೈಯು ‘ಒಂದು ವೇಳೆ’ ಎಂಬ ಚಿಕ್ಕ ಮಾತು. ನಾನೇ ರಾಣಿಯೆಂದು ನಂಬಬೇಕಾದುದಿಲ್ಲ; ಒಂದು ವೇಳೆ ನಾನು ಅವಳ ಸ್ಥಿತಿಯಲ್ಲಿದ್ದರೆ ಏನು ಮಾಡುವೆನು ಎಂದು ಕೇಳಿಕೊಂಡರೆ ಸಾಕು. ನಮ್ಮ ಕ್ರಿಸ್ಮಸ್ ನಾಟಕಗಳಲ್ಲಿ ಬರುವ ಛತ್ರದ ಯಜಮಾನನನ್ನೇ ತೆಗೆದುಕೊಳ್ಳೋಣ. ಸುವಾರ್ತೆಯಲ್ಲಿ ಇವನ ಮಾತೇ ಇಲ್ಲ. ನಾಟಕದಲ್ಲಿಯೂ ಎರಡು ಮಾತಿಗಿಂತ ಹೆಚ್ಚಿಲ್ಲ. ಆದುದರಿಂದ ಹುಡುಗಿಯು ಸ್ಥಳವಿಲ್ಲವೆಂದು ಗರ್ಜಿಸಿ ಬಾಗಿಲನ್ನು ಮುಚ್ಚಿಬಿಡುವಳು. ಅವಳನ್ನು ಹೀಗೆ ಕೇಳಿರಿ: ರಾತ್ರಿಯಾಗಿದೆ, ದಿನವೆಲ್ಲ ದುಡಿದು ದಣಿದಿದ್ದೀ, ಒಳಗೆ ಕಾಲಿಡಲು ಎಡೆಯಿಲ್ಲ, ಬಾಗಿಲಲ್ಲಿ ತುಂಬು ಗರ್ಭಿಣಿಯು ನಿಂತಿದ್ದಾಳೆ. ಏನು ಮಾಡುವೆ? ಹುಡುಗಿಯು ದೀಪವನ್ನೆತ್ತಿ ಮೊದಲು ಆ ಸ್ತ್ರೀಯ ಮುಖವನ್ನು ನೋಡುವಳು. ಆಮೇಲೆ ಬರುವ ಮಾತು ಬೇರೆಯೇ ಆಗಿರುವುದು.

ನಟನು ತನ್ನ ಹಿಂದಣ ಸುಖದುಃಖಗಳನ್ನು ಸ್ಮರಿಸಿಕೊಂಡು ಭಾವವನ್ನು ಎಚ್ಚರಿಸಬೇಕೆಂದೂ ಆತನು ಬೋಧಿಸಿದ್ದುಂಟು. ಕಡೆಯ ವರ್ಷಗಳಲ್ಲಿಯಾದರೋ ಸರಳವಾದ ದೈಹಿಕ ಕಾರ್ಯಗಳಿಗೇ ಹೆಚ್ಚು ಪ್ರಾಮುಖ್ಯವನ್ನು ಕೊಟ್ಟನು. 1928ರಲ್ಲಿ ರಂಗದ ಮೇಲಿರುವಾಗಲೇ ಹೃದಯಾಘಾತವಾಗಿ ನಟನೆಯನ್ನು ಬಿಡಬೇಕಾಯಿತು. 1938ರಲ್ಲಿ ಮೃತನಾಗುವ ವರೆಗೂ ಬೋಧನೆಯನ್ನು ಬಿಡಲಿಲ್ಲ. ಎಳೆಯ ಮಕ್ಕಳ ವಿಷಯದಲ್ಲಿ ಈ ಎರಡನೆಯ ಮಾರ್ಗವೇ ಕ್ಷೇಮವೆಂದು ನಮಗೆ ತೋರುತ್ತದೆ. ತಾಯಿಯನ್ನು ಕಳೆದುಕೊಂಡ ಹುಡುಗಿಗೆ ಆ ದಿನವನ್ನು ನೆನಸಿಕೊಂಡು ಅಳು ಎಂದು ಹೇಳುವುದಕ್ಕೆ ಯಾವ ಉಪಾಧ್ಯಾಯಿನಿಗೂ ಅಧಿಕಾರವಿಲ್ಲ. ದೀಪವನ್ನು ಎತ್ತಿ ಹಿಡಿ ಎಂದರೆ ಸಾಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಪಟಿಯು ಇತರರನ್ನು ಮೋಸಗೊಳಿಸುವುದಕ್ಕಾಗಿ ತನ್ನ ಮನಸ್ಸನ್ನು ಮರೆಮಾಡುವನು. ನಾಟಕದಲ್ಲಿಯಾದರೋ ಇದು ಕಲ್ಪನೆಯೆಂದು ಆಡುವವರಿಗೂ ನೋಡುವವರಿಗೂ ತಿಳಿದೇ ಇದೆ; ಅಲ್ಲಿ ಮೋಸವಿಲ್ಲ. ಮೆಚ್ಚಿಗೆಗಾಗಿ ಇಲ್ಲದ ಭಾವವನ್ನು ಮೆರೆಸುವುದೇ ಭಯಪಡತಕ್ಕ ವಿಷಯ. ಸರಿಯಾದ ಶಿಕ್ಷಣವು ಅದನ್ನೇ ಬಿಡಿಸಿ, ಪರರ ಸ್ಥಿತಿಯಲ್ಲಿ ತನ್ನನ್ನು ಇಟ್ಟು ನೋಡುವ ಅಭ್ಯಾಸವನ್ನು ಕೊಡುವುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಶಾಲೆಗಳಲ್ಲಿಯೂ ಭಾನುವಾರದ ತರಗತಿಗಳಲ್ಲಿಯೂ ಮಕ್ಕಳಿಗೆ ನಾಟಕಗಳನ್ನು ಕಲಿಸುತ್ತಿರಬಹುದು. ಅವರಲ್ಲಿ ನಮ್ಮ ಬಿನ್ನಹವಿಷ್ಟೇ: ಮಗುವಿಗೆ ಅಳುವುದನ್ನು ಕಲಿಸಬೇಡಿರಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ, ಅದರ ಉತ್ತರಕ್ಕಾಗಿ ತಾಳ್ಮೆಯಿಂದ ಕಾದಿರಿ.