ಕೊಪ್ಪರಿಗೆಯೂ ನಳಿಗೆಯೂ

2047ರ ವೇಳೆಗೆ ನೂರು ಗಿಗಾವಾಟ್ ಪರಮಾಣು ವಿದ್ಯುತ್ತೆಂದು 2025ರ ಕೇಂದ್ರ ಮುಂಗಡಪತ್ರವು ಸಾರಿದಂದಿನಿಂದ ಈ ಉದ್ಯಮದ ಪುನರುತ್ಥಾನವನ್ನು ಕುರಿತ ಉತ್ಸಾಹವು ಪತ್ರಿಕೆಗಳಲ್ಲಿ ಉಕ್ಕಿ ಹರಿಯುತ್ತಿದೆ. ಆಗ ನಮ್ಮಲ್ಲಿದ್ದುದು ಒಂಬತ್ತು ಗಿಗಾವಾಟಿಗೂ ಕಡಿಮೆ. ಆದುದರಿಂದ ಹಣವೆಲ್ಲಿಂದ ಬಂದೀತೆಂಬುದಕ್ಕೆ ಮೊದಲು, ಅಷ್ಟೊಂದು ರಿಯಾಕ್ಟರುಗಳನ್ನು ಯಾವ ಕಾರ್ಖಾನೆಯು ಮಾಡಿಕೊಟ್ಟೀತೆಂದು ವಿಚಾರಿಸುವುದು ಯುಕ್ತ.

ಜಗತ್ತಿನ ಬಹುಪಾಲು ರಿಯಾಕ್ಟರುಗಳ ಇಂಧನವು ನೂರಾರು ಟನ್ ತೂಗುವ ಒಂದೇ ಉಕ್ಕಿನ ಪಾತ್ರೆಯೊಳಗೆ ಕುಳಿತಿರುತ್ತದೆ. ಮದುವೆಮನೆಯ ಅನ್ನವನ್ನೆಲ್ಲ ಒಂದೇ ಕೊಪ್ಪರಿಗೆಯಲ್ಲಿ ಬೇಯಿಸಬೇಕೆಂದು ಹಟಹಿಡಿದರೆ, ಅಂಥ ಕೊಪ್ಪರಿಗೆಯನ್ನು ಮಾಡಬಲ್ಲ ಕಂಚುಗಾರನು ಸೀಮೆಗೊಬ್ಬನೂ ಸಿಕ್ಕನು. ತಂಬಿಗೆಗಳಲ್ಲಿ ಹಂಚಿ ಬೇಯಿಸುವುದಾದರೆ ಕೇರಿಯ ಕಂಚುಗಾರನೇ ಸಾಕು. ಕೆನಡಾ ದೇಶವು 1957ರಲ್ಲಿ ತನ್ನ ಮೊದಲ ವಿದ್ಯುತ್ ರಿಯಾಕ್ಟರಿನ ನಕ್ಷೆಯಿಂದ ಉಕ್ಕಿನ ಪಾತ್ರೆಯನ್ನು ತೆಗೆದುಹಾಕಿ, ನೂರಕ್ಕೂ ಹೆಚ್ಚು ಸಣ್ಣ ನಳಿಗೆಗಳಲ್ಲಿ ಇಂಧನವನ್ನು ಹಂಚಿದುದಕ್ಕೆ, ಅಷ್ಟು ದೊಡ್ಡ ಪಾತ್ರೆಯನ್ನು ಮಾಡಬಲ್ಲ ಕಾರ್ಖಾನೆ ಅಲ್ಲಿ ಇರಲಿಲ್ಲವೆಂಬುದೂ ಒಂದು ಕಾರಣ. ಭೌತಶಾಸ್ತ್ರಕ್ಕಿಂತ ಕಮ್ಮಟವೇ ಇಲ್ಲಿ ಮುಂದಾಯಿತೆನ್ನಬಹುದು.

ರಾಜಸ್ಥಾನದ ರಾವತ್‌ಭಾಟಾದಲ್ಲಿ ಇದೇ ಬಗೆಯನ್ನು ನಮಗೆ ಕಟ್ಟಿಕೊಡುತ್ತಿದ್ದ ಕೆನಡಾ, ನಮ್ಮ 1974ರ ಪೋಖರಣ್ ಅಣುಸ್ಫೋಟದ ಬಳಿಕ ಕೈಬಿಟ್ಟಿತು. ಅಲ್ಲಿಯ ಎರಡನೆಯ ಘಟಕವನ್ನು ನಮ್ಮವರೇ 1981ರಲ್ಲಿ ಮುಗಿಸಿದರು. ಅನಂತರದ ಕಥೆಯ ಸಾರವೆಲ್ಲ, ನನ್ನ ಮಟ್ಟಿಗೆ, ಆ ನಳಿಗೆಯೊಂದರಲ್ಲೇ ಅಡಗಿದೆ. ಅದರ ಲೋಹವಾದ ಜಿರ್ಕೋನಿಯಂ ಕೇರಳ, ತಮಿಳುನಾಡುಗಳ ಕಡಲತೀರದ ಮರಳಿನಲ್ಲಿ ದೊರೆಯುವುದಾದರೂ, ರಿಯಾಕ್ಟರನ್ನು ನಡೆಸುವ ನ್ಯೂಟ್ರಾನುಗಳನ್ನು ನೂರಾರು ಪಟ್ಟು ಹೆಚ್ಚಾಗಿ ನುಂಗುವ ಹಾಫ್ನಿಯಂ ಎಂಬ ಅವಳಿ ಲೋಹವನ್ನು ಜೊತೆಗಿಟ್ಟುಕೊಂಡೇ ಹುಟ್ಟುತ್ತದೆ; ರಾಸಾಯನಿಕ ಗುಣದಲ್ಲಿ ಒಂದನ್ನೊಂದು ಹೋಲುವ ಇವೆರಡನ್ನು ಬೇರ್ಪಡಿಸಿ, ಐದು ಮೀಟರಿಗೂ ಉದ್ದನೆಯ, ಗೋಡೆ ನಾಲ್ಕು ಮಿಲಿಮೀಟರಿಗೆ ಮೀರದ ಕೊಳವೆಯನ್ನಾಗಿ ಎಳೆಯುವ ವಿದ್ಯೆ ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸಿಗೆ ಕರಗತವಾಯಿತು. 220 ಮೆಗಾವಾಟಿನ ಒಂದು ರಿಯಾಕ್ಟರಿಗೆ ಇಂಥ 306 ನಳಿಗೆಗಳು ಬೇಕು; ಅವು ಮುನ್ನೂರು ಡಿಗ್ರಿಯ ಹತ್ತಿರದ ಕಾವನ್ನು ವರ್ಷಗಟ್ಟಲೆ ತಾಳಬೇಕು. ಕಾರವಾರದ ಬಳಿಯ ಕೈಗಾದ ಒಂದನೆಯ ಘಟಕವು ಇಂಥವುಗಳನ್ನು ಒಡಲಲ್ಲಿಟ್ಟುಕೊಂಡು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿ, ಆಗಿನ ವಿಶ್ವದಾಖಲೆಯನ್ನು ಮುರಿಯಿತು.

ಆದರೆ ಕಾರ್ಖಾನೆಗೆ ಹತ್ತು ವರ್ಷಕ್ಕೊಂದು ಬೇಡಿಕೆ ಬಂದರೆ ನುರಿತ ಬೆಸುಗೆಗಾರರು ಬೇರೆ ಕಡೆಗೆ ಹೊರಟುಹೋಗುತ್ತಾರೆ, ಯಂತ್ರಗಳು ಬೇರೆ ಕೆಲಸಕ್ಕೆ ಸಲ್ಲುತ್ತವೆ. ಕೈಗಾದ ಐದು, ಆರನೆಯ ಘಟಕಗಳೂ ಸೇರಿ ನಳಿಗೆಯ ಬಗೆಯ 700 ಮೆಗಾವಾಟಿನ ಹತ್ತು ರಿಯಾಕ್ಟರುಗಳಿಗೆ 2017ರಲ್ಲಿ ಒಮ್ಮೆಗೇ ಅನುಮತಿಯಿತ್ತುದರಲ್ಲಿ, ನಮ್ಮ ಕಾರ್ಖಾನೆಗಳ ಕೈಗೆ ಬಿಡುವಿಲ್ಲದ ಕೆಲಸ ಒದಗಿಸುವ ವಿವೇಕವಿದೆ. ಕೊಪ್ಪರಿಗೆಯ ಬಗೆಯ ರಿಯಾಕ್ಟರುಗಳ ಮಾತೇ ಬೇರೆ: ಕೂಡಂಕುಳದ ಪಾತ್ರೆಗಳು ರಷ್ಯದಿಂದಲೇ ಬಂದವು. ಇನ್ನು ನಳಿಗೆಯ ಆ ಹತ್ತೂ ರಿಯಾಕ್ಟರುಗಳು ಮುಗಿದರೆ ಕೂಡುವುದು ಏಳು ಗಿಗಾವಾಟ್; ಗುರಿಯೋ ನೂರು.